ದನಿಯ ಶಾಸ್ತ್ರಕ್ಕೆ ಬೀಗದ ಬಾಗಿಲು

ಮಗುವಿಗೆ ಮಾತು ತಡವಾದರೆ ಹೆತ್ತವರಿಗೆ ಸಿಗುವ ಮೊದಲ ಉಪದೇಶವನ್ನು ನಾವೆಲ್ಲ ಕೇಳಿದ್ದೇವೆ: "ಮನೆಯಲ್ಲಿ ಬ್ಯಾರಿ, ಉರ್ದು ಬಿಡಿ, ಶಾಲೆಯ ಭಾಷೆಯೊಂದನ್ನೇ ಆಡಿ." ಈ ಮಾತಿಗೆ ಸಂಶೋಧನೆಯ ಆಧಾರವಿಲ್ಲ. ಎರಡು ಭಾಷೆ ಕಲಿಯುವುದರಿಂದ ಭಾಷಾ ನ್ಯೂನತೆ ಹುಟ್ಟುವುದಿಲ್ಲವೆಂದು ವಿದ್ವಾಂಸರು ಹಲವು ಸಲ ತೋರಿಸಿದ್ದಾರೆ. ಹಾಗಿದ್ದೂ ಆ ತಿಳಿವಳಿಕೆ ನಮ್ಮ ಮನೆಗಳ ಹೊಸ್ತಿಲು ದಾಟಿಲ್ಲವೇಕೆ?

ಉತ್ತರಕ್ಕಾಗಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘದ ನಿಯತಕಾಲಿಕೆಯೊಂದನ್ನು ನೋಡೋಣ. ಆ ಸಂಘ 1936ರಲ್ಲಿ ಮಾತಿನ ದೋಷಗಳ ಕುರಿತ ಮೊದಲ ಪತ್ರಿಕೆ ತಂದಿತು. 1958ರಲ್ಲಿ ಸಂಶೋಧನೆಗೇ ಮೀಸಲಾದ ಇನ್ನೊಂದು ಪತ್ರಿಕೆ ಆರಂಭವಾಯಿತು. 1997ರಲ್ಲಿ ಅದರ ಹೆಸರಿಗೆ 'ಭಾಷೆ' ಸೇರಿ 'ಜರ್ನಲ್ ಆಫ್ ಸ್ಪೀಚ್, ಲ್ಯಾಂಗ್ವೇಜ್, ಆಂಡ್ ಹಿಯರಿಂಗ್ ರಿಸರ್ಚ್' ಎಂದಾಯಿತು. 2010ರಲ್ಲಿ ಅದು ಕಾಗದವನ್ನು ತೊರೆದು ಪೂರ್ತಿಯಾಗಿ ಅಂತರ್ಜಾಲಕ್ಕೆ ಬಂತು.

ಈ ಬದಲಾವಣೆಯ ಲಾಭ ಸಣ್ಣದಲ್ಲ. ಸಂಚಿಕೆ ತುಂಬುವವರೆಗೆ ಲೇಖನ ಕಾಯಬೇಕಿಲ್ಲ. ಪುಟಮಿತಿಗೆ ಸಿಗದ ದತ್ತಾಂಶ, ಪರೀಕ್ಷಾ ಸಾಮಗ್ರಿಗಳನ್ನು ಫಿಗ್‌ಶೇರ್‌ನಂಥ ಭಂಡಾರದಲ್ಲಿ ಇಡಬಹುದು. ಆದರೂ ಬಹುಪಾಲು ಲೇಖನಗಳು ಇಂದಿಗೂ ಅಚ್ಚಿನ ಪುಟದ ರೂಪದಲ್ಲೇ ಇವೆ. ಉಗ್ಗು, ತೊದಲು, ಪದ ಸಿಗದ ತಡಕಾಟ, ಇವೆಲ್ಲ ಕೇಳಿ ತಿಳಿಯಬೇಕಾದವು. ಅವನ್ನು ಕೋಷ್ಟಕ, ಲಿಪಿಸಂಕೇತಗಳಲ್ಲಿ ಮಾತ್ರ ಕೊಟ್ಟರೆ ಮಾಧ್ಯಮ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ ಎನ್ನಬೇಕಾಗುತ್ತದೆ.

ದನಿಯನ್ನು ಬಯಲಿಗೆ ಹಾಕುವುದರಲ್ಲಿ ಅಪಾಯವಿದೆ ಎಂಬುದನ್ನು ನಾವು ಒಪ್ಪುತ್ತೇವೆ. ರೋಗಿಯ ಮಾನ ದೊಡ್ಡದು. ಬ್ರಯಾನ್ ಮ್ಯಾಕ್‌ವಿನ್ನಿಯವರ ಮುಂದಾಳತ್ವದಲ್ಲಿ 2007ರಲ್ಲಿ ಆರಂಭವಾದ ಅಫೇಸಿಯಾ ಬ್ಯಾಂಕ್ ರೋಗಿಗಳ ಧ್ವನಿ, ದೃಶ್ಯಗಳನ್ನು ಗುಪ್ತಪದದ ಹಿಂದೆ ಇಟ್ಟಿದೆ. ಆ ಬೀಗ ನ್ಯಾಯವಾದದ್ದು. ಆದರೆ ಸಂಶೋಧನೆಯ ತೀರ್ಮಾನಗಳಿಗೂ ಬೀಗ ಹಾಕುವುದು ನ್ಯಾಯವೇ? ಸಂಘದ ಸದಸ್ಯನಲ್ಲದವನು ಅನೇಕ ಲೇಖನಗಳಿಗೆ ಹಣ ತೆರಬೇಕು. ಆ ಅಧ್ಯಯನಕ್ಕೆ ತನ್ನ ಮಗುವನ್ನು ಕರೆತಂದು ಕೂರಿಸಿದ ತಾಯಿಯೂ ಇದಕ್ಕೆ ಹೊರತಲ್ಲ.

ಬೇರೆ ದಾರಿ ಇಲ್ಲದಿಲ್ಲ. ಇಂಗ್ಲೆಂಡಿನ ಡೊರೊಥಿ ಬಿಷಪ್ ಮತ್ತು ಸಂಗಡಿಗರು 2012ರಲ್ಲೇ ಮಕ್ಕಳ ಭಾಷಾ ಸಮಸ್ಯೆಯನ್ನು ಜನಸಾಮಾನ್ಯರಿಗೆ ವಿವರಿಸಲು ಯೂಟ್ಯೂಬ್ ಬಳಸಿದರು. ಅಂಥ ಮಕ್ಕಳನ್ನು ಗುರುತಿಸುವ ಬಗೆಯ ಕುರಿತು ತಜ್ಞರು ಕಂಡುಕೊಂಡ ಒಮ್ಮತವನ್ನು 2016ರಲ್ಲಿ 'ಪ್ಲಾಸ್ ಒನ್' ಎಂಬ ಮುಕ್ತ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಮ್ಮಲ್ಲಿ 2025ರಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಸುಮಾರು 6,300 ಸರಕಾರಿ ಸಂಸ್ಥೆಗಳಿಗೆ 30 ಪ್ರಕಾಶಕರ ನಿಯತಕಾಲಿಕೆಗಳನ್ನು ತೆರೆದಿದೆ. ಇದು ಸ್ವಾಗತಾರ್ಹ. ಆದರೆ ತಾಲೂಕು ಕೇಂದ್ರದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವವರು, ಖಾಸಗಿ ಶಾಲೆಯ ಶಿಕ್ಷಕರು, ಹೆತ್ತವರು ಇದರ ಹೊರಗೇ ಉಳಿದರು. ಬಾಗಿಲು ತೆರೆದರೂ ಒಳಗಿರುವುದು ಪರಿಭಾಷೆ ತುಂಬಿದ ಇಂಗ್ಲಿಷ್.

ಪ್ರತಿ ಲೇಖನದ ಜೊತೆ ಸರಳ ಭಾಷೆಯ ಒಂದು ಪುಟ ಎಲ್ಲರಿಗೂ ಉಚಿತವಾಗಿ ಸಿಗಲಿ. ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳು ವಹಿಸಿಕೊಳ್ಳಲಿ. ಆಗ ಯಾವ ತಾಯಿಯೂ ಹೆದರಿ ತನ್ನ ಭಾಷೆಯ ಜೋಗುಳವನ್ನು ನಿಲ್ಲಿಸಬೇಕಾಗದು.