ಎಕ್ಸ್‌ಪಿ ಉಳಿದರೆ ಅಕ್ಷರ ಉಳಿದೀತೆ?

ಕುರ್ತಕೋಟಿ ಊರಿನ ಲಗ್ನಪತ್ರಿಕೆಯಿರಲಿ, ಜಾತ್ರೆಯ ಹ್ಯಾಂಡ್‌ಬಿಲ್ಲಿರಲಿ, ಅಚ್ಚಿಗೆ ಹತ್ತಿರದ ಪೇಟೆ ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗ-ಬೆಟಗೇರಿ. ಕನ್ನಡದ ಡಿಟಿಪಿ ಕೆಲಸ ಬಹುಕಾಲ ನಡೆದದ್ದು ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡ ಅಕ್ಷರ ಮೂಡಿಸುವ ನುಡಿ, ಶ್ರೀಲಿಪಿ ತಂತ್ರಾಂಶಗಳ ಬಲದಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು; ಅದು ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಯ ಕೈಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಬಿಟ್ಟಿತು. ಹೊಸ ಡೆಸ್ಕ್‌ಟಾಪಿನಲ್ಲಿ ಹಳೆ ಫೈಲು ತೆರೆಯಲು ಈಗಿರುವ ಒಂದು ದಾರಿ ವರ್ಚುವಲ್‌ಬಾಕ್ಸ್: ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷಿನ್) ಹೂಡಿ, ಅದರಲ್ಲಿ ಎಕ್ಸ್‌ಪಿ ಓಡಿಸುವುದು.

ಅಳವಡಿಕೆ ಅಂಜುವಷ್ಟು ಕಷ್ಟದ್ದಲ್ಲ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇರಬೇಕು. ಎಕ್ಸ್‌ಪಿಗೆ 512 ಎಂಬಿ ರ‍್ಯಾಮ್ ಸಾಕು, 8 ಜಿಬಿಯ ಯಂತ್ರಕ್ಕೆ ಅದು ಭಾರವೇ ಅಲ್ಲ. ಎಲ್ಲ ಸರಿಹೋದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಏನೇ ಕೆಟ್ಟರೂ ಕ್ಷಣದಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು. ಇದು ಈ ತಂತ್ರಾಂಶದ ದೊಡ್ಡ ಗುಣ. ಕಾವಲಿಲ್ಲದ ಎಕ್ಸ್‌ಪಿಗೆ ಇಂಟರ್‌ನೆಟ್ ಮಾತ್ರ ಕೊಡಬಾರದು.

ತೊಡಕುಗಳೂ ಇವೆ. ವಿಂಡೋಸ್ 11ರಲ್ಲಿ ಅದರದೇ ವರ್ಚುವಲೈಸೇಶನ್ ವ್ಯವಸ್ಥೆಯಾದ ಹೈಪರ್-ವಿ ಚಾಲೂ ಇದ್ದರೆ ವೇಗ ಕುಸಿಯುತ್ತದೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಪಟ್ಟಿಯಲ್ಲಿ ಆಮೆಯ ಚಿತ್ರ ಕಂಡರೆ ಕಾರಣ ಅದೇ. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುತ್ತಿದ್ದ, ತಂತ್ರಾಂಶದ ಕೀಲಿಯಾಗಿದ್ದ ಹಳೆ ಡಾಂಗಲ್‌ಗೆ ಹೊಸ ಯಂತ್ರದಲ್ಲಿ ಜಾಗವಿರುವುದೇ ಅಪರೂಪ. ಹಳೆ ಕಂಪ್ಯೂಟರಿನ ಜೊತೆ ಬಂದ ಎಕ್ಸ್‌ಪಿಯ ಲೈಸೆನ್ಸ್ ಸಾಮಾನ್ಯವಾಗಿ ಆ ಯಂತ್ರಕ್ಕಷ್ಟೇ ಸಲ್ಲುತ್ತದೆ. ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾದರೂ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆ, ಶಿಕ್ಷಣ, ಪರೀಕ್ಷಿಸಿ ನೋಡುವುದು ಇಷ್ಟಕ್ಕೇ ಬಿಟ್ಟಿ. ವ್ಯಾಪಾರದ ಪ್ರೆಸ್ಸಿಗೆ ಆ ರಿಯಾಯಿತಿಯಿಲ್ಲ.

ಇವೆಲ್ಲಕ್ಕೂ ಪರಿಹಾರವುಂಟು. ನಿಜವಾದ ಕೊರತೆ ಬೇರೆ ಕಡೆ ಇದೆ. ಹಳೆ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಫಾಂಟ್ ಇಲ್ಲದ ಕಡೆ ಆ ಬರಹ ಬರೀ ಕಲಸುಮೇಲೋಗರ. ಅದರಲ್ಲಿ ಒಂದು ಹೆಸರು ಹುಡುಕಲಾಗದು, ಅಕಾರಾದಿ ಜೋಡಿಸಲಾಗದು. ಆದರೆ ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆ ಸಂಕೇತ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಸ್ಥಾನ ಕೊಟ್ಟಿತ್ತು. ವರ್ಚುವಲ್ ಮಷಿನ್ ಫೈಲನ್ನು ತೆರೆದು ತೋರಿಸುತ್ತದೆ, ಒಳಗಿನ ಬರಹವನ್ನು ಮಾತ್ರ ಇದ್ದಲ್ಲೇ ಬಿಡುತ್ತದೆ.

ಆದ್ದರಿಂದ ವರ್ಚುವಲ್ ಮಷಿನನ್ನು ಹಳೆ ಸರಕು ಹೊರತೆಗೆಯಲಷ್ಟೇ ಬಳಸುವುದು ಜಾಣತನ. ಪುಟವನ್ನು ಪಿಡಿಎಫ್ ಮಾಡಿ, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ-ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಹೊಸ ಕೆಲಸವನ್ನೂ ಎಕ್ಸ್‌ಪಿಯಲ್ಲೇ ನಡೆಸುವ ಪ್ರೆಸ್ಸು ಇವತ್ತಿನ ತೊಂದರೆಯನ್ನೇ ನಾಳಿನ ಫೈಲುಗಳಿಗೂ ಕಟ್ಟಿಡುತ್ತದೆ.