ಅರ್ಥವನ್ನೊಲ್ಲದ ರೇಖೆ: ನಸ್ರೀನ್ ಮೊಹಮದಿಯವರ ಚಿತ್ರಗಳು

ಚಿತ್ರವನ್ನು ಕಂಡೊಡನೆ ‘ಇದರ ಅರ್ಥವೇನು?’ ಎಂದು ಕೇಳುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಸಾಹಿತ್ಯದ ಬಾಗಿಲಿನಿಂದ ಕಲೆಯ ಮನೆಯನ್ನು ಹೊಕ್ಕವರಿಗೆ ಇದು ಸಹಜವೂ ಹೌದು. ಆದರೆ ನಸ್ರೀನ್ ಮೊಹಮದಿಯವರ ಪ್ರೌಢಕಾಲದ ರೇಖಾಚಿತ್ರಗಳೆದುರು ಈ ಪ್ರಶ್ನೆ ನಿರುತ್ತರವಾಗಿ ನಿಲ್ಲುತ್ತದೆ. ಅಲ್ಲಿ ಮನುಷ್ಯರಿಲ್ಲ, ಮರಗಿಡಗಳಿಲ್ಲ, ಕಥೆಯಿಲ್ಲ. ಬಹುಪಾಲು ಚಿತ್ರಗಳಿಗೆ ಹೆಸರಾಗಲಿ ತಾರೀಖಾಗಲಿ ಇಲ್ಲ. ಇಂಥವನ್ನು ಬರಿದೆಂದು ತಳ್ಳಿಹಾಕುವುದು ನ್ಯಾಯವೆ ಎಂಬುದು ವಿಚಾರಾರ್ಹವಾದ ಸಂಗತಿ.

1937ರಲ್ಲಿ ಕರಾಚಿಯಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ಈ ಕಲಾವಿದೆ ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಅಭ್ಯಾಸ ಮಾಡಿದರು. ಮುಂಬಯಿಯ ಭೂಲಾಭಾಯಿ ಸಂಸ್ಥೆಯಲ್ಲಿ ವಿ. ಎಸ್. ಗಾಯತೊಂಡೆಯವರ ಒಡನಾಟವನ್ನು ಪಡೆದರು. 1972ರಿಂದ ಬರೋಡದ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, 1990ರಲ್ಲಿ ತೀರಿಕೊಂಡರು. ದೆಹಲಿಯ ಕಿರಣ್ ನಾಡರ್ ಸಂಗ್ರಹಾಲಯದಲ್ಲಿ 2013ರಲ್ಲಿಯೂ ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ 2016ರಲ್ಲಿಯೂ ನಡೆದ ಪ್ರದರ್ಶನಗಳಿಂದ ಅವರ ಕೀರ್ತಿ ಹಬ್ಬಿತು.

ಅವರ ಸಾಮಗ್ರಿ ಅತ್ಯಲ್ಪ: ಕಾಗದ, ಶಾಯಿ, ಪೆನ್ಸಿಲು, ಕಟ್ಟಡದ ನಕ್ಷೆ ಬರೆಯುವವರ ಉಪಕರಣಗಳು. ದೂರದಿಂದ ಬೂದುಬಣ್ಣದ ಮಂಜಿನಂತೆ ತೋರುವ ಹಾಳೆ, ಸಮೀಪಿಸಿದಂತೆ ನೂರಾರು ಗೆರೆಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದೆಡೆ ಒತ್ತಾಗಿ, ಒಂದೆಡೆ ತೆಳುವಾಗಿ, ಮತ್ತೊಂದೆಡೆ ಇದೆಯೋ ಇಲ್ಲವೋ ಎಂಬಂತೆ ಅವು ಸಾಗುತ್ತವೆ. ಇವುಗಳನ್ನು ನೋಡುವಾಗ ನನ್ನ ಉಸಿರಿನ ಗತಿಯೇ ನಿಧಾನವಾದುದನ್ನು ಗಮನಿಸಿದ್ದೇನೆ. ಅಚ್ಚಾದ ಪ್ರತಿಯಲ್ಲಿ ಈ ಅನುಭವ ದೊರೆಯುವುದು ದುರ್ಲಭ. ಪೆನ್ಸಿಲಿನ ಅತಿ ಸೂಕ್ಷ್ಮ ಗೆರೆಗಳು ಮುದ್ರಣದಲ್ಲಿ ಅಳಿಸಿಯೇ ಹೋಗುತ್ತವೆ.

ಮುಂಬಯಿಯ ಕನ್ನಡಿಗರಿಗೆ ರೇಖೆಯೆಂದೊಡನೆ ನೆನಪಾಗುವವರು ಕೆ. ಕೆ. ಹೆಬ್ಬಾರರು. ಅವರ ರೇಖಾಚಿತ್ರಗಳ ಸಂಪುಟದ ಹೆಸರೇ ‘ಹಾಡುವ ರೇಖೆ’ ಎಂಬರ್ಥದ್ದು. ಆ ಗೆರೆ ಬಳುಕಿದಲ್ಲಿ ನರ್ತಕಿಯೊಬ್ಬಳು ಮೂಡುತ್ತಾಳೆ. ರೇಖೆ ತನ್ನನ್ನು ಆಕೃತಿಗೆ ಒಪ್ಪಿಸಿಕೊಳ್ಳುತ್ತದೆ. ನಸ್ರೀನರ ರೇಖೆಗೆ ಅಂಥ ಒಡೆಯನಿಲ್ಲ. ಇದನ್ನು ನಮ್ಮ ರಂಗವಲ್ಲಿಗೆ ಹೋಲಿಸುವುದೂ ಪೂರ್ಣವಾಗಿ ಸಲ್ಲದು. ಚುಕ್ಕಿಯ ರಂಗವಲ್ಲಿಯ ಎಳೆ ಚುಕ್ಕಿಗಳನ್ನು ಬಳಸಿ ತನ್ನಲ್ಲಿಗೇ ಮರಳಿದರೆ, ಇಲ್ಲಿಯ ಓರೆಗೆರೆಗಳು ಹಾಳೆಯ ಅಂಚನ್ನೂ ದಾಟಿ ಹೊರಟಂತೆ ತೋರುತ್ತವೆ.

ಕಾವ್ಯಮೀಮಾಂಸೆಯ ಧ್ವನಿತತ್ತ್ವವನ್ನು ಇಲ್ಲಿಗೆ ತರಬಹುದೆ? ಧ್ವನಿ ಹೊರಡಲು ವಾಚ್ಯಾರ್ಥದ ನೆಲೆ ಬೇಕು. ಇಲ್ಲಿ ವಾಚ್ಯವೇ ಇಲ್ಲ. ಆದುದರಿಂದ ಸಂಗೀತದ ಕಡೆಗೆ ತಿರುಗುವುದು ಮೇಲು. ಮಲ್ಲಿಕಾರ್ಜುನ ಮನಸೂರರ ಆಲಾಪವನ್ನು ಕೇಳುವಾಗ ಅದರ ಅರ್ಥವೇನೆಂದು ನಾವಾರೂ ಕೇಳುವುದಿಲ್ಲ. ಸ್ವರದಿಂದ ಸ್ವರಕ್ಕಿರುವ ಅಂತರ, ಬಿಡುವು, ಮರುಕಳಿಕೆಗಳೇ ನಮ್ಮನ್ನು ಹಿಡಿದಿಡುತ್ತವೆ. ಕಿವಿಗೆ ಕೊಟ್ಟ ಈ ಸ್ವಾತಂತ್ರ್ಯವನ್ನು ಕಣ್ಣಿಗೇಕೆ ಕೊಡಲಾರೆವು?

ಮೆಚ್ಚುವವರಿಂದಲೂ ಈ ಚಿತ್ರಗಳಿಗೆ ಅಪಾಯವುಂಟು. ಕಡೆಯ ವರ್ಷಗಳಲ್ಲಿ ನರಸಂಬಂಧವಾದ ವ್ಯಾಧಿ ಕಲಾವಿದೆಯನ್ನು ಬಾಧಿಸಿತು. ನಡುಗುವ ದೇಹ, ಅಚಲವಾದ ರೇಖೆ ಎಂಬ ವೈದೃಶ್ಯ ಮನಕರಗಿಸುವಂಥದು. ಆದರೆ ಆ ಕನಿಕರವನ್ನು ಚಿತ್ರದ ಗುಣವೆಂದು ಎಣಿಸಲಾಗದು. ‘ಅನಂತ’, ‘ಶೂನ್ಯ’ ಎಂಬ ದೊಡ್ಡ ಮಾತುಗಳೂ ಹಾಗೆಯೇ: ನೋಡುವ ಶ್ರಮವನ್ನು ತಪ್ಪಿಸಿ ತೃಪ್ತಿಯನ್ನು ಒದಗಿಸುತ್ತವೆ. ಅಮೆರಿಕದ ಆಗ್ನೆಸ್ ಮಾರ್ಟಿನ್‌ರೊಡನೆ ಮಾಡುವ ಹೋಲಿಕೆಯಲ್ಲಿಯೂ ಎಚ್ಚರ ಬೇಕು. ಮಾರ್ಟಿನ್‌ರ ಪ್ರಸಿದ್ಧ ಕೃತಿಗಳು ಆರಡಿ ಚದರದ ಕ್ಯಾನ್ವಾಸುಗಳು. ಅವು ಗೋಡೆಯಂತೆ ಎದುರು ನಿಲ್ಲುತ್ತವೆ. ನಸ್ರೀನರ ಹಾಳೆಗಳಾದರೋ ಹೆಚ್ಚಾಗಿ ಎರಡಡಿಯೊಳಗಿನವು. ಪತ್ರವನ್ನೋದುವಂತೆ ಬಾಗಿ ನೋಡಬೇಕಾದವು.

ಎಲ್ಲ ಹಾಳೆಗಳೂ ಸಮಾನವೆಂದು ಹೇಳಲಾರೆ. ಕೆಲವೆಡೆ ಉಪಕರಣದ ಜಾಣ್ಮೆಯೇ ಮುಂದಾಗಿ ಚಿತ್ರ ನಕ್ಷೆಗೆ ಸಮೀಪಿಸುತ್ತದೆ. ಆದರೆ ಗೆಲವು ಪಡೆದ ಹಾಳೆಗಳಲ್ಲಿ, ಎಳೆದ ಗೆರೆಯಷ್ಟೇ ಎಳೆಯದೆ ಬಿಟ್ಟ ಜಾಗವೂ ಸಜೀವವಾಗಿದೆ. ಭಾಷೆಯನ್ನು ಮನೆಯಿಂದ ದೂರದಲ್ಲಿ ಕಾಪಾಡಿಕೊಳ್ಳುವ ನಾವು ಮಾತಿಗೆ ಹೆಚ್ಚು ಬೆಲೆ ಕೊಡುವುದು ಸರಿಯೇ. ಆದರೆ ಮಾತು ಬೇಡದ ಕೃತಿಯೆದುರು ಸ್ವಲ್ಪ ಹೊತ್ತು ಸುಮ್ಮನಿರಬಲ್ಲ ಸಹೃದಯತೆಯೂ ಸಂಸ್ಕೃತಿಯ ಒಂದು ಲಕ್ಷಣವೆಂದು ನನ್ನ ನಂಬಿಕೆ.