ಪ್ರಮಾಣಪತ್ರವೂ ಪ್ರಾವೀಣ್ಯವೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳ ಮಕ್ಕಳು, ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬಂತೆ ಹಲವು ನುಡಿಗಳ ನಡುವೆ ಬೆಳೆದವರಾದುದರಿಂದ, ಮತ್ತೊಂದನ್ನು ಕಲಿಯಲು ಅಂಜತಕ್ಕವರಲ್ಲ. ಕ್ರಿಯಾಪದವು ವಾಕ್ಯಾಂತದಲ್ಲಿ ನಿಲ್ಲುವ, ವಿಭಕ್ತಿಸೂಚಕಗಳು ನಾಮಪದವನ್ನು ಹಿಂಬಾಲಿಸುವ ಜಪಾನೀ ಭಾಷೆಯಂತೂ ರಚನೆಯಲ್ಲಿ ಕನ್ನಡಕ್ಕೆ ಸಮೀಪವಾದುದು. ಕುಶಲ ಕಾರ್ಮಿಕರ ವಿಷಯದಲ್ಲಿ 2021ರಲ್ಲಿ ಭಾರತ-ಜಪಾನುಗಳ ನಡುವೆ ಒಡಂಬಡಿಕೆಯಾದ ಮೇಲೆ, ಅಲ್ಲಿಯ ಕೆಲಸಕ್ಕೆ ಭಾಷಾರ್ಹತೆಯಾಗಿ ಸಲ್ಲುವ ಎನ್-4 ಪ್ರಮಾಣಪತ್ರವು ಜೀವನೋಪಾಯದ ಪ್ರಶ್ನೆಯೇ ಆಗಿರುವುದರಿಂದ, ಅದನ್ನೀಯುವ, ಜಪಾನೀ ಭಾಷಾಪ್ರಾವೀಣ್ಯವನ್ನಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಗುಣದೋಷವಿವೇಚನೆ ಅವಶ್ಯಕವಾಗಿದೆ.

1984ರಲ್ಲಿ ಪ್ರಾರಂಭವಾಗಿ, 2010ರಲ್ಲಿ ನಾಲ್ಕರಿಂದ ಐದು ಸ್ತರಗಳಿಗೆ ವಿಸ್ತೃತವಾದ ಈ ಪರೀಕ್ಷೆಯ ನ್ಯಾಯಪರತೆ ನಿಸ್ಸಂದೇಹವಾಗಿ ಪ್ರಶಂಸನೀಯ. ಒಟ್ಟು 180 ಅಂಕಗಳಲ್ಲಿ ಎನ್-4 ಸ್ತರಕ್ಕೆ 90 ಸಾಕಾದರೂ, 60 ಅಂಕಗಳ ಶ್ರವಣವಿಭಾಗದಲ್ಲಿ ಕನಿಷ್ಠ 19 ಬಾರದಿದ್ದವನು ಉತ್ತೀರ್ಣನಾಗನು. ಓದಿನ ಬಲದಿಂದ ಕಿವಿಯ ದೌರ್ಬಲ್ಯವನ್ನು ಮರೆಮಾಚಲು ಎಡೆಯಿಲ್ಲ. ಪ್ರಶ್ನಪತ್ರಿಕೆಯ ಕಾಠಿನ್ಯ ಏರಿಳಿದರೂ ಅಂಕಗಳ ಬೆಲೆ ವ್ಯತ್ಯಾಸವಾಗದಂತೆ ಅವುಗಳನ್ನು ಸಮೀಕರಿಸುವುದೂ ಶ್ಲಾಘ್ಯವೇ.

ಆದರೆ ಕೊಟ್ಟ ಉತ್ತರಗಳಲ್ಲೊಂದನ್ನು ಆರಿಸುವುದಷ್ಟೇ ಅಭ್ಯರ್ಥಿಯ ಕೆಲಸವಾದ ಈ ಪರೀಕ್ಷೆಯಲ್ಲಿ, ಅವನು ಒಂದು ವಾಕ್ಯವನ್ನೂ ಆಡಬೇಕಿಲ್ಲ, ಜಪಾನೀ ಬರಹದ ಕಾಂಜಿ ಅಕ್ಷರಗಳಲ್ಲಿ ಒಂದನ್ನೂ ಬರೆಯಬೇಕಿಲ್ಲ. ಬಹುದೇಶಗಳ ಲಕ್ಷಾಂತರ ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸುವುದು ದುಷ್ಕರವೆಂಬುದನ್ನು ಒಪ್ಪಬಹುದು. ನವಿಮುಂಬಯಿಯ ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ಜಪಾನೀ ದಾಖಲೆಗಳನ್ನು ಓದತಕ್ಕ ಅಭಿಯಂತರನಿಗೆ ಈ ಅಳತೆ ಬಹುಮಟ್ಟಿಗೆ ಸಲ್ಲುವುದು. ಆದರೆ ವೃದ್ಧರ ಶುಶ್ರೂಷೆಗೆಂದು ಹೊರಡುವ ತರುಣಿಗೆ, ನೋವೆಲ್ಲಿದೆಯೆಂದು ವಿಚಾರಿಸಿ, ಗೌರವಾರ್ಥಕ ರೂಪಗಳಲ್ಲಿ ಸಂತೈಸುವ ನಾಲಗೆಯೇ ಮುಖ್ಯವಷ್ಟೆ. ಅದನ್ನು ಪರೀಕ್ಷೆ ಕೇಳುವುದೇ ಇಲ್ಲ.

ಕಂಠಪಾಠವು ಕಲಿಕೆಯ ಗುರಿಯಲ್ಲವೆಂದು 2010ರಿಂದೀಚೆಗೆ ಪದಗಳ, ಕಾಂಜಿಗಳ ಪಟ್ಟಿಗಳ ಪ್ರಕಟಣೆಯನ್ನೇ ಪರೀಕ್ಷಾಧಿಕಾರಿಗಳು ನಿಲ್ಲಿಸಿರುವಾಗ, ಹಳೆಯ ಪಟ್ಟಿಗಳನ್ನೇ ಉರುಹೊಡೆಸುವ ಶಿಕ್ಷಣಕ್ರಮವು ಪರೀಕ್ಷೆಯ ಆಶಯಕ್ಕೂ ವಿದ್ಯಾರ್ಥಿಯ ಹಿತಕ್ಕೂ ದ್ರೋಹವೆಸಗುತ್ತದೆ. ದಿನವೆಲ್ಲ ದುಡಿದು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಪಯಣಿಸಿ, ಶುಲ್ಕ ತೆತ್ತು ಸಂಜೆಯ ತರಗತಿಗೆ ಬರುವ ತರುಣರಿಗೆ ಸಲ್ಲಬೇಕಾದುದು ಪ್ರಮಾಣಪತ್ರವೊಂದೇ ಅಲ್ಲ. ಮಾತಿನ ಮೌಲ್ಯಮಾಪನವನ್ನು ಪರೀಕ್ಷೆಯು ತನ್ನ ಅಂಗವನ್ನಾಗಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಪ್ರತಿಯೊಂದು ತರಗತಿಯೂ ಸಂಭಾಷಣೆ, ಬರವಣಿಗೆಗಳನ್ನು ತಾನೇ ಕಲಿಸಿ ತಾನೇ ಪರೀಕ್ಷಿಸಬೇಕು. ಕೆಲಸ ಕೊಡುವವರು ಪತ್ರವನ್ನು ನೋಡಿದ ಮೇಲೆ ಅಭ್ಯರ್ಥಿಯನ್ನು ಮಾತನಾಡಿಸಲೂಬೇಕು. ಓದುವ, ಕೇಳುವ ಶಕ್ತಿಗೆ ವಿಶ್ವಾಸಾರ್ಹವಾದ ಈ ಅಳತೆಯನ್ನು ಸಮಗ್ರ ಭಾಷಾಜ್ಞಾನದ ಅಳತೆಯೆಂದು ಭಾವಿಸಿದರೆ, ಅದರ ನಷ್ಟವನ್ನು ಪರದೇಶದ ಮೊದಲ ದಿನವೇ ಅನುಭವಿಸತಕ್ಕವನು ಆ ವಿದ್ಯಾರ್ಥಿಯೇ.